ಹಳೆಯ ಕಾರುಗಳ ನೋಂದಣಿ ನವೀಕರಣ: ನಿರ್ವಾತ ಕೊಳವೆ ಹಾಗೂ ಕೂಲಂಟ್ ಸೋರಿಕೆ ಕುರಿತು ಅರ್ಜಿದಾರರಿಗೆ ಮಾಹಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಮೇರೆಗೆ ಸಾರಿಗೆಯೇತರ ವಾಹನದ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರದ ನವೀಕರಣವು 5 ವರ್ಷಗಳ ಅವಧಿಗೆ ಇರುತ್ತದೆ. ಇದಕ್ಕಾಗಿ ಅವಧಿ ಮುಕ್ತಾಯಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ-25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು.

ಪ್ರೀಮಿಯರ್ ಪದ್ಮಿನಿ ಅಥವಾ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್‌ನಂತಹ ಎರಡಾಸನದ ಸ್ಪೋರ್ಟ್ಸ್ ಕಾರುಗಳ ಮಾಲೀಕರು ತಪಾಸಣೆಗೆ ಮುನ್ನ ಎರಡು ಸಂಗತಿಗಳನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಬಣ್ಣ, ಹೊದಿಕೆಗಳಿಗೆ ವೆಚ್ಚ ಮಾಡಿ ರಬ್ಬರ್ ಕೊಳವೆಗಳನ್ನು ಮರೆಯುವುದು ಸಾಮಾನ್ಯವಾಗಿದೆ.

ನಿರ್ವಾತ ಕೊಳವೆಗಳು

ಪೆಟ್ರೋಲ್ ಇಂಜಿನ್ ನಿಧಾನಗತಿಯಲ್ಲಿ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಉಂಟಾಗುವ ನಿರ್ವಾತವೇ ಬ್ರೇಕ್ ಬೂಸ್ಟರ್‌ಗೆ ಬಲ ನೀಡುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್‌ನ ಕಿಡಿಯ ಸಮಯವನ್ನೂ ಹೊಂದಿಸುತ್ತದೆ. ಕೊಳವೆ ಬಿರುಕುಬಿಟ್ಟಲ್ಲಿ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಮಿಶ್ರಣವು ತೆಳುವಾಗುತ್ತದೆ. ಇಂಜಿನ್ ಏರಿಳಿಯುತ್ತದೆ, ಉಸ್ಸೆಂಬ ಸದ್ದು ಕೇಳಿಬರುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದಲ್ಲಿ ಬೂಸ್ಟರ್ ಕೊಳವೆಯನ್ನೂ ಅದರ ಕವಾಟವನ್ನೂ ಮೊದಲು ನೋಡತಕ್ಕದ್ದು. ಅಂತಹ ವಾಹನವನ್ನು ತಪಾಸಣೆಗೆಂದು ಸಹ ರಸ್ತೆಗೆ ಇಳಿಸಬಾರದು.

ಸೋರಿಕೆ ಹುಡುಕುವ ಬದಲು ಕಾರ್ಬೊರೇಟರ್‌ನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚಿಸುವ ಪರಿಪಾಠವಿದೆ. ಇಂಜಿನ್ ಆಗ ಸಮನಾಗಿ ಓಡಬಹುದು, ಆದರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವ ಸಂಭವವಿದೆ. ಭಾರತ್ ಹಂತ-2ಕ್ಕೆ ಮುಂಚಿನ ಪೆಟ್ರೋಲ್ ಕಾರುಗಳಿಗೆ ಇದರ ಮಿತಿ ಶೇ. 3, ಹಂತ-2 ಹಾಗೂ ಹಂತ-3ರವುಗಳಿಗೆ ಶೇ. 0.5.

ನಿರ್ವಾತ ಮಾಪಕದಲ್ಲಿ ಸ್ವಸ್ಥ ಇಂಜಿನ್ ಸಮುದ್ರಮಟ್ಟದಲ್ಲಿ ಸುಮಾರು 430ರಿಂದ 530 ಮಿ.ಮೀ. ಪಾದರಸ ತೋರಿಸುತ್ತದೆ. ಕಲಬುರಗಿ ನಗರವು ಸುಮಾರು 450 ಮೀಟರ್ ಎತ್ತರದಲ್ಲಿರುವ ಕಾರಣ ಇಲ್ಲಿ 40 ಮಿ.ಮೀ.ನಷ್ಟು ಕಡಿಮೆ ಬಂದಲ್ಲಿ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಮುಳ್ಳು ನಡುಗುತ್ತಿದ್ದರೆ ಅಥವಾ ಇನ್ನೂ ಕೆಳಗಿದ್ದರೆ ಒಂದೊಂದೇ ಕೊಳವೆಯನ್ನು ಮುಚ್ಚಿ ನೋಡತಕ್ಕದ್ದು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸಿಂಪಡಿಸಿ ಸೋರಿಕೆ ಹುಡುಕುವುದು ಬೆಂಕಿಗೆ ಆಹ್ವಾನ.

ಕೂಲಂಟ್ ಸೋರಿಕೆ

ಕಮಲಾಪುರ ತಾಲ್ಲೂಕಿನ ಅರ್ಜಿದಾರರು ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಕ್ರಮಿಸಿ ಕಲಬುರಗಿಗೆ ಬರಬೇಕಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಊರೊಳಗೆ ಕಾಣದ ಸಣ್ಣ ಸೋರಿಕೆಯೂ ದಾರಿಯಲ್ಲಿ ಇಂಜಿನ್ನನ್ನು ಕೆಡಿಸಬಲ್ಲದು. ಸಾಧ್ಯವಾದಷ್ಟು ಬೆಳಗಿನ ವೇಳೆಯಲ್ಲಿ ಹೊರಡುವುದು ಒಳಿತು.

ರಾತ್ರಿ ವಾಹನದ ಕೆಳಗೆ ಹಳೆಯ ರಟ್ಟನ್ನು ಹಾಸಿ, ಬೆಳಿಗ್ಗೆ ಕಲೆ ಬಿದ್ದ ಸ್ಥಳವನ್ನು ಗಮನಿಸಿ. ಮುಂಭಾಗದಲ್ಲಿದ್ದರೆ ರೇಡಿಯೇಟರ್ ಅಥವಾ ಅದರ ಹೋಸ್ ಪೈಪು, ಫ್ಯಾನ್ ಬೆಲ್ಟಿನ ಬಳಿ ಇದ್ದರೆ ವಾಟರ್ ಪಂಪು ಇರಬಹುದು. ಹೊರಗೆ ಹನಿಯೂ ಕಾಣದೆ ನೀರು ಕಡಿಮೆಯಾಗುತ್ತಾ ಬಿಳಿಹೊಗೆ ನಿಲ್ಲದೆ ಬಂದಲ್ಲಿ, ಇಲ್ಲವೇ ಆಯಿಲ್ ಹಾಲಿನಂತೆ ಕಂಡಲ್ಲಿ ಹೆಡ್ ಗ್ಯಾಸ್ಕೆಟ್ ಶಂಕಾಸ್ಪದವಾಗಿದ್ದು, ವಾಹನವನ್ನು ಓಡಿಸತಕ್ಕದ್ದಲ್ಲ. ರೇಡಿಯೇಟರ್ ಮುಚ್ಚಳದ ರಬ್ಬರ್ ಸವೆದಿದ್ದರೂ ಒತ್ತಡ ನಿಲ್ಲದೆ ನೀರು ಬೇಗನೆ ಕುದಿಯುತ್ತದೆ. ಅಲ್ಪ ಬೆಲೆಯ ಈ ಭಾಗವನ್ನು ಮೊದಲು ಬದಲಿಸಿ ನೋಡಬಹುದು. ಇಂಜಿನ್ ಪೂರ್ಣವಾಗಿ ತಣಿಯುವವರೆಗೆ ಮುಚ್ಚಳ ತೆರೆಯಬಾರದು. ಚಿಮ್ಮುವ ನೀರಿನಿಂದ ಮುಖ, ಕೈಗಳಿಗೆ ಗಂಭೀರ ಸುಟ್ಟಗಾಯಗಳಾಗುತ್ತವೆ.

ಕೊಳವೆ ಬಾವಿಯ ಗಡಸು ನೀರು ರೇಡಿಯೇಟರ್ ನಾಳಗಳಲ್ಲಿ ಸುಣ್ಣದ ಪದರ ಕಟ್ಟುವುದರಿಂದ, ಬಟ್ಟಿ ಇಳಿಸಿದ ನೀರಿನೊಂದಿಗೆ ಕೂಲಂಟ್ ಬೆರೆಸತಕ್ಕದ್ದು. ಕಾವು ತಗ್ಗಲೆಂದು ಥರ್ಮೋಸ್ಟಾಟ್ ಕಳಚಿಹಾಕುವುದು ಪರಿಹಾರವಲ್ಲ.

ಹೊರತೆಗೆದ ಹಳೆಯ ಕೂಲಂಟ್ ಅನ್ನು ಚರಂಡಿಗೆ ಸುರಿಯಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು ವಿಷಕಾರಿಯಾದುದರಿಂದ, ಮಕ್ಕಳಿಗೂ ದನಕರು, ನಾಯಿಗಳಿಗೂ ಎಟುಕದಂತೆ ಮುಚ್ಚಿದ ಡಬ್ಬಿಯಲ್ಲಿ ಇರಿಸತಕ್ಕದ್ದು.