ಗಿಡ್ಡಗಾಲಿನ ನಾಯಿ ಮತ್ತು ಬೆನ್ನೆಲುಬಿನ ಬಿಲ್ಲೆ

ಮುಂಡರಗಿ, ಶಿರಹಟ್ಟಿ ಕಡೆಯ ಕುರಿಹಟ್ಟಿಗಳಲ್ಲಿ ನಾಯಿಗೆ ಓಟವೇ ಕೆಲಸ. ಅಲ್ಲಿ ಗಿಡ್ಡಗಾಲಿನ ನಾಯಿಯಿಂದ ಪ್ರಯೋಜನವಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರದಂಥ ಪಟ್ಟಣಗಳ ಮನೆಗಳಿಗೆ ಡ್ಯಾಷ್‌ಹಂಡ್, ಬೀಗಲ್ ಮುಂತಾದ ವಿದೇಶಿ ತಳಿಗಳು ಬಂದಾಗ ಅವುಗಳ ಹಳೆಯ ಕಾಯಿಲೆಯೊಂದೂ ಜೊತೆಗೇ ಬರುತ್ತದೆ. ನಾಲ್ಕೈದು ವರ್ಷದ ಚುರುಕು ನಾಯಿ ಮಂಚದಿಂದ ಜಿಗಿದದ್ದೇ ನೆಪ, ಹಿಂಗಾಲು ಎಳೆಯತೊಡಗುತ್ತದೆ. ಪೆಟ್ಟು ಬಿತ್ತೆಂದು ಮನೆಯವರು ಭಾವಿಸುತ್ತಾರೆ. ಆದರೆ ಆ ಪೆಟ್ಟಿಗೆ ಬೆನ್ನು ಸಿದ್ಧವಾದದ್ದು ನಾಯಿ ಮರಿಯಾಗಿದ್ದಾಗಲೇ.

1896ರಲ್ಲಿ ಹರ್ಮನ್ ಡೆಕ್ಸ್ಲರ್ ಎಂಬ ಪಶುವೈದ್ಯ ಇಂಥ ನಾಯಿಗಳ ಬೆನ್ನುಹುರಿಯನ್ನು ಒತ್ತುತ್ತಿದ್ದ ಮೃದ್ವಸ್ಥಿಯಂಥ ವಸ್ತುವನ್ನು ವರ್ಣಿಸಿದ್ದ. ಅದು ಉರಿಯೂತದಿಂದ ಬೆಳೆದದ್ದೆಂದು ಆತನ ಊಹೆ. ಅದು ಎಲ್ಲಿಂದ ಬಂತೆಂಬುದು ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಸ್ವೀಡನ್ನಿನ ಹಾನ್ಸ್-ಯೋರ್ಗನ್ ಹಾನ್ಸನ್ 1952ರಲ್ಲಿ ಪ್ರಕಟಿಸಿದ ಅಧ್ಯಯನವೇ ಈ ವಿಷಯದ ಬುನಾದಿ. ಬೆನ್ನೆಲುಬಿನ ಎರಡು ಮಣಿಗಳ ನಡುವಿನ ಬಿಲ್ಲೆಯಲ್ಲಿ ಹೊರಗೆ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ಗಿಡ್ಡಗಾಲಿನ ತಳಿಗಳಲ್ಲಿ ಮರಿಗೆ ಒಂದು ವರ್ಷ ತುಂಬುವ ಹೊತ್ತಿಗೇ ಈ ತಿರುಳು ನೀರು ಕಳೆದುಕೊಂಡು ಮೃದ್ವಸ್ಥಿಯಂತಾಗುತ್ತದೆ, ಅನೇಕ ವೇಳೆ ಸುಣ್ಣಗಟ್ಟುತ್ತದೆ. ಮುಂದೆ ಎಂದೋ ಉಂಗುರ ಹರಿದು ತಿರುಳು ಸಿಡಿದು ಬೆನ್ನುಹುರಿಯ ಮೇಲೆ ಬೀಳುತ್ತದೆ. ಉಳಿದ ತಳಿಗಳಲ್ಲಿ ಬಿಲ್ಲೆ ಸವೆಯುವುದು ಸಾಮಾನ್ಯವಾಗಿ ಮುಪ್ಪಿನಲ್ಲಿ, ನಿಧಾನವಾಗಿ ಉಬ್ಬುತ್ತ. ಹಾನ್ಸನ್ ಮಾಡಿದ ಒಂದನೇ, ಎರಡನೇ ವರ್ಗಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಹಾಗಾದರೆ ಗಿಡ್ಡ ಕಾಲೇ ರೋಗಕ್ಕೆ ಕಾರಣವೇ? ಇಲ್ಲಿಯೇ ಕಥೆ ತಿರುವು ಪಡೆಯುತ್ತದೆ. 2009ರಲ್ಲಿ ಅಮೆರಿಕದ ಹೈಡಿ ಪಾರ್ಕರ್, ಇಲೇನ್ ಆಸ್ಟ್ರಾಂಡರ್ ಮತ್ತು ಸಂಗಡಿಗರು ನಾಯಿಯ 18ನೇ ವರ್ಣತಂತುವಿನಲ್ಲಿ ‘ಎಫ್‌ಜಿಎಫ್4’ ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದನ್ನು ಗುರುತಿಸಿದರು. ಮೂಲ ವಂಶವಾಹಿಯ ಆರ್‌ಎನ್‌ಎ ಮತ್ತೆ ಡಿಎನ್‌ಎ ಆಗಿ ಬೇರೆಡೆ ಹೊಕ್ಕು ಕುಳಿತದ್ದು ಅದು. ಈ ಪ್ರತಿ ಇರುವ ನಾಯಿಯ ಕಾಲಿನ ಉದ್ದಮೂಳೆಗಳು ಸರಿಯಾಗಿ ಬೆಳೆಯುವುದಿಲ್ಲ. ಆದರೆ ಬಿಲ್ಲೆಯ ರೋಗ ಮಾತ್ರ ಇದರಿಂದ ವಿವರಿಸಲ್ಪಡಲಿಲ್ಲ. ಬೀಗಲ್‌ನಲ್ಲಿ ಈ ಪ್ರತಿ ಇಲ್ಲ, ಬಿಲ್ಲೆಯ ರೋಗ ಉಂಟು. ಕೇರ್ನ್ ಟೆರಿಯರ್ ಗಿಡ್ಡವಾಗಿದ್ದರೂ ರೋಗ ವಿರಳ.

ಉತ್ತರ ಸಿಕ್ಕಿದ್ದು 2017ರಲ್ಲಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಡಾನಿಕ ಬನಾಷ್ ಅವರ ತಂಡ ಅದೇ ಎಫ್‌ಜಿಎಫ್4ರ ಇನ್ನೊಂದು ಪ್ರತಿಯನ್ನು 12ನೇ ವರ್ಣತಂತುವಿನಲ್ಲಿ ಕಂಡಿತು. ಇದೂ ಕಾಲನ್ನು ತುಸು ಕುಗ್ಗಿಸುತ್ತದೆ. ಜೊತೆಗೆ ಬಿಲ್ಲೆಯನ್ನೂ ಕೆಡಿಸುತ್ತದೆ. ಒಂದೇ ಪ್ರತಿ ಇದ್ದರೂ ಅಪಾಯವಿದೆ. ಡ್ಯಾಷ್‌ಹಂಡ್‌ನಲ್ಲಿ 12, 18 ಎರಡೂ ಉಂಟು. ಅಂದರೆ ಕಣ್ಣಿಗೆ ಕಾಣುವ ಕಾಲಿನ ಅಳತೆಯಿಂದ ಬೆನ್ನಿನ ಭವಿಷ್ಯ ಹೇಳಲಾಗದು. ಕೆನ್ನೆಯ ಒಳಭಾಗವನ್ನು ಒರೆಸಿ ತೆಗೆದ ಜೀವಕೋಶಗಳಿಂದಲೇ ಈಗ ಎರಡೂ ಪ್ರತಿಗಳನ್ನು ಪತ್ತೆ ಮಾಡಬಹುದು.

ತೊಡಕು ಇರುವುದು ಮುಂದೆ. 12ರ ಪ್ರತಿ ಕೆಲವು ನಾಯಿಗಳಲ್ಲಿದ್ದು ಕೆಲವುಗಳಲ್ಲಿಲ್ಲದ ತಳಿಗಳಲ್ಲಿ ಪರೀಕ್ಷೆ ನಿಜಕ್ಕೂ ಉಪಯುಕ್ತ: ಒಂದು ಪ್ರತಿಯ ನಾಯಿಯನ್ನು ಪ್ರತಿಯಿಲ್ಲದ ನಾಯಿಯೊಡನೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳು ಮುಕ್ತ. ಡ್ಯಾಷ್‌ಹಂಡ್‌ನಲ್ಲಾದರೋ ಬಹುತೇಕ ಎಲ್ಲ ನಾಯಿಗಳೂ ಅದನ್ನು ಹೊತ್ತಿವೆ. ಹೊತ್ತವನ್ನೆಲ್ಲ ಬಿಟ್ಟರೆ ತಳಿಯೇ ಉಳಿಯದು. ಆದ್ದರಿಂದ ಡೆನ್ಮಾರ್ಕ್ ಮೊದಲಾದ ನಾರ್ಡಿಕ್ ದೇಶಗಳಲ್ಲಿ ನಾಯಿಗೆ ಎರಡು ವರ್ಷ ತುಂಬಿದ ಮೇಲೆ ಕ್ಷಕಿರಣ ಚಿತ್ರ ತೆಗೆದು, ಸುಣ್ಣಗಟ್ಟಿದ ಬಿಲ್ಲೆಗಳನ್ನು ಎಣಿಸಿ, ಕಡಿಮೆ ಇರುವವನ್ನು ಮರಿ ಹಾಕಿಸಲು ಆರಿಸುತ್ತಾರೆ. ಒಂದೇ ವಂಶವಾಹಿ ಇದ್ದರೂ ಎಷ್ಟು ಬಿಲ್ಲೆ ಕೆಡುತ್ತದೆಂಬುದು ನಾಯಿಯಿಂದ ನಾಯಿಗೆ ಬೇರೆಯಾಗುವುದರಿಂದ ಈ ಹಳೆಯ ಎಣಿಕೆಗೆ ಇನ್ನೂ ಬೆಲೆ ಇದೆ. ನಮ್ಮ ಪಟ್ಟಣಗಳಲ್ಲಿ ಮರಿ ಕೊಳ್ಳುವವರು ಬಣ್ಣ, ಕಿವಿ, ಕಾಗದಪತ್ರ ನೋಡುತ್ತಾರೆ. ತಾಯಿ ತಂದೆಯ ಬೆನ್ನಿನ ಕ್ಷಕಿರಣ ಚಿತ್ರವನ್ನು ಕೇಳುವವರು ಅಪರೂಪ.