ಮಳೆ ನಕ್ಷತ್ರಗಳು ಮತ್ತು ನಮ್ಮ ಬೇಸಿಗೆಗಳು



ಕಲಬುರಗಿಯ ಬಿಸಿಲನ್ನು ಕುರಿತು ನಾಡಿನಲ್ಲೆಲ್ಲ ಹಾಸ್ಯದ ಮಾತುಗಳಿವೆ. ಇಲ್ಲಿ ಬೇಸಿಗೆ, ಕಡುಬೇಸಿಗೆ, ಮತ್ತೆ ಬೇಸಿಗೆ ಎಂಬ ಮೂರೇ ಕಾಲಗಳೆಂದು ಬೇರೆ ಜಿಲ್ಲೆಗಳಿಂದ ವರ್ಗವಾಗಿ ಬಂದ ಶಿಕ್ಷಕ ಮಿತ್ರರು ನಗುತ್ತಿದ್ದರು. ಉಷ್ಣಾಂಶ 42–43 ಡಿಗ್ರಿ ದಾಟಿತೆಂಬುದು ನಮಗೆ ದೊಡ್ಡ ಸುದ್ದಿಯೇನಲ್ಲ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿಯೂ ಈ ಬಿಸಿಲಿನ ಕೊಡುಗೆಯೇ. ಆದರೆ ಬಿಸಿಲು ಇಷ್ಟು ನಿಶ್ಚಿತವಾಗಿರುವ ಈ ಸೀಮೆಯಲ್ಲಿ ಮಳೆ ಅಷ್ಟೇ ಅನಿಶ್ಚಿತ. ಆದ್ದರಿಂದಲೇ ನಮ್ಮ ಹಿರಿಯರು ಬೇಸಿಗೆಯ ಉದ್ದಕ್ಕೂ ಮಾತನಾಡುತ್ತಿದ್ದುದು ಮಳೆಯನ್ನು ಕುರಿತು.

ನನ್ನ ಬಾಲ್ಯ ಕಳೆದದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. 1960ರ ದಶಕದ ಆ ದಿನಗಳಲ್ಲಿ ಸಂಜೆಯಾದೊಡನೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಹೊತ್ತು ಮುಳುಗಿದ ಮೇಲೆ ಕೌದಿ ಹಾಸಿ ಮಲಗುತ್ತಿದ್ದೆವು. ನಮ್ಮ ಮುತ್ಯಾ ಅಲ್ಲಿಯೇ ಕುಳಿತು ಪಕ್ಕದ ಮಾಳಿಗೆಯವರೊಡನೆ ಮಾತಿಗೆ ತೊಡಗುತ್ತಿದ್ದರು. "ಭರಣಿ ಕೂಡ್ತೇನ್ರಿ?" "ಕೂಡಿ ಮೂರು ದಿನ ಆಯ್ತಲ್ಲ, ಒಂದ್ ಹನಿ ಇಲ್ಲ." ಅಕ್ಷರ ಬಾರದ ಆ ಹಿರಿಯರು ಇಡೀ ವರ್ಷದ ಪಂಚಾಂಗವನ್ನು ನಾಲಿಗೆಯ ಮೇಲಿಟ್ಟುಕೊಂಡಿದ್ದರು.

ಈ ಲೆಕ್ಕವನ್ನು ಇಂದಿನ ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೂರ್ಯನ ವಾರ್ಷಿಕ ಪಥವನ್ನು 27 ನಕ್ಷತ್ರಗಳಾಗಿ ಭಾಗಿಸಿದರೆ ಒಂದೊಂದರ ಪಾಲಿಗೆ 13–14 ದಿನಗಳು ಬರುತ್ತವೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರೆ. ಮೃಗಶಿರವನ್ನು ನಮ್ಮಲ್ಲಿ 'ಮಿರಗ' ಎನ್ನುತ್ತಾರೆ. ಆಯಾ ಅವಧಿಯಲ್ಲಿ ಬೀಳುವ ಮಳೆಗೆ ಆಯಾ ನಕ್ಷತ್ರದ ಹೆಸರು; ಒಂದೊಂದಕ್ಕೂ ಒಂದೊಂದು ಗಾದೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು.

ಈ ಗಾದೆಗಳನ್ನು ಕಿವಿಗೊಟ್ಟು ಕೇಳಿದರೆ ಒಂದು ತಮಾಷೆ ತಿಳಿಯುತ್ತದೆ. ಭರಣಿಗೆ ಧರಣಿ, ರೋಹಿಣಿಗೆ ಓಣಿ, ಆರಿದ್ರೆಗೆ ದರಿದ್ರ, ಮಘೆಗೆ ಮಗ. ಫಲವನ್ನು ಆರಿಸಿಕೊಟ್ಟಿರುವುದು ಅರ್ಧ ಆಕಾಶ, ಇನ್ನರ್ಧ ಪ್ರಾಸ! ಆದರೂ ಒಳಗಿನ ತಿರುಳು ಪೊಳ್ಳಲ್ಲ. ಭರಣಿಯ ಗುಡುಗುಮಳೆ ಬಿದ್ದರೆ ಎರೆಭೂಮಿ ಮೆತ್ತಗಾಗಿ ಹೊಲ ಹದಗೊಳಿಸಲು ಅನುಕೂಲ. ಆರಿದ್ರೆಯ ಹೊತ್ತಿಗೆ ಮಳೆಯಾಗದಿದ್ದರೆ ಹೆಸರು, ಉದ್ದುಗಳ ಬಿತ್ತನೆಯ ಕಾಲ ಕೈತಪ್ಪುತ್ತದೆ. ಮಘೆ ಆಗಸ್ಟ್ ಮಧ್ಯದ ಮಳೆ. ನಿಂತ ತೊಗರಿಗೆ ಅದು ಬೇಕೇ ಬೇಕು. ಪುಸ್ತಕವಿಲ್ಲದ ಜನ ತಮ್ಮ ಅನುಭವವನ್ನು ಮರೆಯದಿರಲು ಪ್ರಾಸದ ಹಗ್ಗದಿಂದ ಕಟ್ಟಿಟ್ಟಿದ್ದರು.

ಇದಕ್ಕಿಂತಲೂ ಸೊಗಸಾದುದು ಮಳೆಯ ವಾಹನ. ನಮ್ಮ ಗಡಿಸೀಮೆಯಲ್ಲಿ ಬಳಕೆಯಲ್ಲಿರುವ ಪಂಚಾಂಗಗಳಲ್ಲಿ ಪ್ರತಿ ಮಳೆಗೂ ಒಂದು ಪ್ರಾಣಿಯನ್ನು ಹೇಳಿರುತ್ತದೆ. ಸೂರ್ಯನು ಹೊಸ ನಕ್ಷತ್ರವನ್ನು ಪ್ರವೇಶಿಸುವಾಗ ಚಂದ್ರ ಯಾವ ನಕ್ಷತ್ರದಲ್ಲಿರುವನೋ ಅಲ್ಲಿಯವರೆಗೆ ಎಣಿಸಿ, ಬಂದ ಸಂಖ್ಯೆಯನ್ನು 9ರಿಂದ ಭಾಗಿಸಬೇಕು. ಶೇಷ 1 ಉಳಿದರೆ ಕುದುರೆ, 2 ನರಿ, 3 ಕಪ್ಪೆ, 4 ಟಗರು, 5 ನವಿಲು, 6 ಇಲಿ, 7 ಕೋಣ, 8 ಕತ್ತೆ, ಶೇಷವಿಲ್ಲದಿದ್ದರೆ ಆನೆ. ಕಪ್ಪೆ, ಕೋಣ, ಆನೆ ಬಂದರೆ ಒಳ್ಳೆಯ ಮಳೆಯೆಂದು ನಂಬಿಕೆ. ಇದನ್ನು ನಾನು ಹತ್ತನೆಯ ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಸೂರ್ಯ ಮೃಗಶಿರವನ್ನು ಹೊಕ್ಕಾಗ ಚಂದ್ರ ಮಘೆಯಲ್ಲಿದ್ದರೆ ಎಣಿಕೆ 6, ವಾಹನ ಇಲಿ. ಚಂದ್ರ ಇನ್ನು ಮೂರು ನಕ್ಷತ್ರ ಮುಂದೆ ಹಸ್ತದಲ್ಲಿದ್ದರೆ ಎಣಿಕೆ 9, ವಾಹನ ಆನೆ. ಮೂರು ದಿನಗಳ ಅಂತರದಲ್ಲಿ ಇಲಿ ಆನೆಯಾಗುವ ಈ ಚಮತ್ಕಾರಕ್ಕೆ ತರಗತಿಯೆಲ್ಲ ನಗುತ್ತಿತ್ತು.

ಆಗ ನಾನು ಕೇಳುತ್ತಿದ್ದ ಪ್ರಶ್ನೆ ಇದು: 9 ಪ್ರಾಣಿಗಳಲ್ಲಿ 3 ಶುಭವೆಂದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಳಲ್ಲಿ ಸರಾಸರಿ ಎಷ್ಟು ಶುಭ ವಾಹನಗಳು ಬಂದಾವು? ಸುಮಾರು ಮೂರು. ಜುಲೈ, ಆಗಸ್ಟ್‌ಗಳಲ್ಲಿ ಕಪ್ಪೆ ಬಂದರೂ ಬಾರದಿದ್ದರೂ ಮಳೆ ಬೀಳುವ ಸಂಭವ ಹೆಚ್ಚು. ಕಪ್ಪೆಯ ಮೇಲೆ ಕುಳಿತು ಬಂದ ಮಳೆ ನೆನಪಿನಲ್ಲಿ ಉಳಿಯುತ್ತದೆ. ಕತ್ತೆಯ ಮೇಲೆ ಬಂದ ಮಳೆಯನ್ನು ಜನ ಮರೆಯುತ್ತಾರೆ.

ಕಾರಹುಣ್ಣಿಮೆಯ ಕರಿ ಹರಿಯುವ ಓಟವೂ ಹೀಗೆಯೇ. ಕೆಂದೆತ್ತು ಮುಂದಾದರೆ ಮುಂಗಾರಿ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆನ್ನಾಗಿ ಬರುವುದೆಂದು ನಂಬಿಕೆ. ನಾನು ಕಂಡ ಓಟಗಳಲ್ಲಿ ಬಿಳಿ ಎತ್ತುಗಳೇ ಹೆಚ್ಚು. ನಮ್ಮ ಹೊಟ್ಟೆ ತುಂಬಿಸುವ ಬಿಳಿಜೋಳವೂ ಹಿಂಗಾರಿಯ ಬೆಳೆ. ಎತ್ತುಗಳ ಭವಿಷ್ಯ ಫಲಿಸಿದ್ದರಲ್ಲಿ ಆಶ್ಚರ್ಯವೇನು?

ಕಲಬುರಗಿ ನಗರದ ಎರಡು ದೊಡ್ಡ ಜಾತ್ರೆಗಳು ಈ ವಿಷಯದಲ್ಲಿ ಇನ್ನೊಂದು ಪಾಠವನ್ನು ಕಲಿಸುತ್ತವೆ. ಶರಣಬಸವೇಶ್ವರರ ರಥೋತ್ಸವ ಹೋಳಿಹುಣ್ಣಿಮೆಯ ನಂತರದ ಐದನೆಯ ದಿನ. ಚಾಂದ್ರಮಾನವನ್ನು ಅಧಿಕಮಾಸ ಆಗಾಗ ಸರಿಪಡಿಸುವುದರಿಂದ ಅದು ಬಿಸಿಲೇರುವ ಕಾಲದಲ್ಲಿಯೇ ಬೀಳುತ್ತದೆ. ಖಾಜಾ ಬಂದೇನವಾಜರ ಉರುಸು ಹಾಗಲ್ಲ. ಅವರು ಕಾಲವಾದದ್ದು 1422ರಲ್ಲಿ. ಉರುಸು ನಡೆಯುವುದು ಹಿಜರಿ ಪಂಚಾಂಗದ ಜಿಲ್‌ಖಾದ ಮಾಸದಲ್ಲಿ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದುದರಿಂದ ಉರುಸು ಪ್ರತಿವರ್ಷ ಹಿಂದಕ್ಕೆ ಸರಿಯುತ್ತಾ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 1990ರಲ್ಲಿ ಅದು ಜೂನ್ ಆರಂಭದ ಮಿರಗದ ಸುಮಾರಿಗೆ ಬಂದಿತ್ತು; 2006ರಲ್ಲಿ ಡಿಸೆಂಬರಿನ ಚಳಿಯಲ್ಲಿ; 2023ರಲ್ಲಿ ಮತ್ತೆ ಜೂನ್ ಆರಂಭದಲ್ಲಿ. "ಉರುಸಿಗಿ ಮಳಿ ಬರೋದೇ" ಎಂದು ಒಂದು ತಲೆಮಾರಿನವರು ಹೇಳಿದರೆ, "ಉರುಸಿಗಿ ಚಳಿ ಇರೋದೇ" ಎಂದು ಇನ್ನೊಂದು ತಲೆಮಾರಿನವರು ವಾದಿಸುತ್ತಾರೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಮನುಷ್ಯನ ನೆನಪು ಹತ್ತು ವರ್ಷಗಳದ್ದಾದರೆ, ಕಾಲದ ಸುತ್ತು ಮೂವತ್ತಮೂರರದ್ದು.

ಹಾಗಾದರೆ ನಕ್ಷತ್ರಗಳ ಲೆಕ್ಕವಾದರೂ ಸ್ಥಿರವೇ? ಅದೂ ಮೆಲ್ಲನೆ ಜಾರುತ್ತಿದೆ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಆದ್ದರಿಂದ 71–72 ವರ್ಷಗಳಿಗೆ ಒಂದು ದಿನದಂತೆ ಮಿರಗ ಮುಂದಕ್ಕೆ ಹೋಗುತ್ತದೆ. ಮುತ್ಯಾ ಹೇಳುತ್ತಿದ್ದುದು ಜೂನ್ 7. ಈಗ ಹೆಚ್ಚಾಗಿ ಜೂನ್ 8. ಬಹಮನಿ ಸುಲ್ತಾನ ಫಿರೋಜ್ ಷಾ ಕಲಬುರಗಿಯಲ್ಲಿ ಆಳುತ್ತಿದ್ದ 1400ರ ಕಾಲಕ್ಕೆ, ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ, ಮಿರಗ ಮೇ ಕೊನೆಯಲ್ಲಿಯೇ ಕೂಡುತ್ತಿತ್ತು. ಅಂದಿನ ರೈತನಿಗೆ ಮುಂಗಾರು ತಂದ ನಕ್ಷತ್ರಕ್ಕೂ ಇಂದಿನದಕ್ಕೂ ಸುಮಾರು 9 ದಿನಗಳ ಅಂತರ ಬಿದ್ದಿದೆ. ಗಾದೆ ಮಾತ್ರ ಹಾಗೆಯೇ ಉಳಿದಿದೆ.

ಒಂಬತ್ತು ದಿನ ಎಷ್ಟರದು ಎಂದು ನಗರದಲ್ಲಿರುವವರಿಗೆ ಅನ್ನಿಸಬಹುದು. ಬಿತ್ತುವವನಿಗೆ ಅದು ಬೀಜದ ಪ್ರಶ್ನೆ. ಮನೆಯಲ್ಲಿರುವ ಬೀಜ ಒಮ್ಮೆ ಬಿತ್ತುವಷ್ಟೇ. ಮೊದಲ ಮಳೆಯನ್ನು ನಂಬಿ ಬಿತ್ತಿ, ಮೊಳಕೆ ಬಾಡಿದರೆ ಮತ್ತೆ ಸಾಲ. ಈ ನೆಲದ ಚರಿತ್ರೆಯಲ್ಲಿ ಆ ಭಯ ಹಳೆಯದು. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ್ ಷಾ ಬರಗಾಲದಲ್ಲಿ 10,000 ಎತ್ತುಗಳನ್ನು ತೊಡಗಿಸಿ ಮಾಳವ, ಗುಜರಾತುಗಳಿಂದ ಧಾನ್ಯ ತರಿಸಿ ಅಗ್ಗದ ದರಕ್ಕೆ ಮಾರಿಸಿದನೆಂದೂ, ಕಲಬುರಗಿ, ಬೀದರ ಮೊದಲಾದೆಡೆ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದನೆಂದೂ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಅದರ ಬೆನ್ನಿಗೇ, 1396ರಲ್ಲಿ ಆರಂಭವಾಗಿ 12 ವರ್ಷ ದಖ್ಖನವನ್ನು ಕಾಡಿತೆಂದು ಪರಂಪರೆ ಹೇಳುವ ದುರ್ಗಾದೇವಿ ಬರ. 1791–92ರ ಬರಕ್ಕೆ ಜನ ಇಟ್ಟ ಹೆಸರು 'ಡೋಗಿ ಬರ', ಅಂದರೆ ತಲೆಬುರುಡೆಗಳ ಬರ. ಗಾದೆ ಕಟ್ಟಿದವರು ಇಂಥವುಗಳನ್ನು ದಾಟಿ ಬಂದವರ ಮಕ್ಕಳು.

ನಾನು ಕಂಡ ಬರ 1972ರದು. ಆಗ ನಾನು ಹೈಸ್ಕೂಲಿನ ಹುಡುಗ. ಆ ವರ್ಷ ರೋಹಿಣಿಯಲ್ಲಿ ಒಂದು ಜೋರು ಮಳೆ ಬಿದ್ದಿತು. ಮಿರಗ ಕೂಡುತ್ತಲೇ ನಮ್ಮ ಓಣಿಯ ಹಲವರು ಕೂರಿಗೆ ಹೂಡಿದರು. ಮುತ್ಯಾ ಹೊಲಕ್ಕೆ ಹೋಗಿ, ಕುಳಿತು, ಮಣ್ಣು ಕೆದಕಿ ಕೈ ಇಳಿಸಿ ನೋಡಿದರು. "ಗೇಣು ಹಸಿ ಇಲ್ಲ ತಮ್ಮಾ, ನಾಕ್ ಬೆರಳು ಅದ ಅಷ್ಟೇ. ಮಿರಗಕ್ಕೇನು ಗೊತ್ತು ನಮ್ಮ ಹೊಲದ ಹಸಿ?" ಎಂದರು. ನಕ್ಷತ್ರಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದ ಅದೇ ಮುತ್ಯಾ! ಮನೆಯಲ್ಲಿ ಮಾತು ಬಂದರೂ ಅವರು ಬೀಜದ ಚೀಲ ಬಿಚ್ಚಲಿಲ್ಲ. ಮುಂದೆ ಮಳೆ ಕೈಕೊಟ್ಟಿತು. ಬಿತ್ತಿದವರ ಹೊಲದಲ್ಲಿ ಮೊಳಕೆ ಒಣಗಿತು. ನಮ್ಮ ಹೊಲದಲ್ಲಿಯೂ ಬೆಳೆ ಬರಲಿಲ್ಲ. ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದವರಲ್ಲಿ ನಮ್ಮ ಮನೆಯವರೂ ಇದ್ದರು. ಸೊಸೈಟಿಯಲ್ಲಿ ಕೊಟ್ಟ ಹೊರದೇಶದ ಕೆಂಪು ಜೋಳದ ರೊಟ್ಟಿಯನ್ನು ನಾವೂ ತಿಂದೆವು. ಆದರೆ ಮರುವರ್ಷ ಬಿತ್ತುವಾಗ ಆ ಚೀಲ ಮನೆಯಲ್ಲಿತ್ತು. ಓಣಿಯ ಇನ್ನೆರಡು ಮನೆಗಳಿಗೂ ಅದರಿಂದಲೇ ಬೀಜ ಹೋಯಿತು.

ಅಂದು ನನಗೆ ಅರ್ಥವಾಗದಿದ್ದುದು ಚರಿತ್ರೆಯನ್ನು ಪಾಠ ಮಾಡುತ್ತ ಅರ್ಥವಾಯಿತು. ಹಿರಿಯರಿಗೆ ಗಾದೆ ಎಂದರೆ ಮಾತಿಗೆ, ನಗುವಿಗೆ, ಕಾಯುವ ದಿನಗಳನ್ನು ಎಣಿಸಲಿಕ್ಕೆ. ಬೀಜ ಬಿಚ್ಚುವ ಮೊದಲು ಅವರು ಕೇಳುತ್ತಿದ್ದುದು ಮಣ್ಣನ್ನು. ಇಂದು 1875ರಷ್ಟು ಹಳೆಯದಾದ ನಮ್ಮ ಹವಾಮಾನ ಇಲಾಖೆ ಇದೆ. 2019ರಿಂದ 'ಮೇಘದೂತ್' ಎಂಬ ಆ್ಯಪ್ ರೈತರ ಮೊಬೈಲಿಗೇ ಮುನ್ಸೂಚನೆ ತರುತ್ತಿದೆ. ಬಹಳ ಉಪಕಾರವೇ ಆಗಿದೆ. ಆದರೂ ಮುನ್ಸೂಚನೆ ಇಡೀ ತಾಲ್ಲೂಕಿಗೆ. ಹಸಿ ಒಬ್ಬೊಬ್ಬರ ಹೊಲಕ್ಕೆ.

ನಿಮ್ಮ ಮನೆಗಳಲ್ಲಿ ಹಿರಿಯರಿದ್ದರೆ ಈ ಬೇಸಿಗೆಯಲ್ಲಿ ಅವರನ್ನು ಕೇಳಿ ಮಳೆಯ ಗಾದೆಗಳನ್ನು ಬರೆದಿಡಿರಿ. ಜೊತೆಗೆ, ಗಾದೆ ಹುಸಿಯಾದ ವರ್ಷ ಅವರು ಏನು ಮಾಡಿದರೆಂಬುದನ್ನೂ ತಪ್ಪದೆ ಕೇಳಿರಿ. ನನಗೂ ತಿಳಿಸಿದರೆ ಸಂತೋಷ.