‘ಡಾಕ್ಟರ್ ಸ್ಟ್ರೇಂಜ್‌ಲವ್’: ರಾಜಕೀಯ ವಿಡಂಬನೆ ಮತ್ತು ಮನೆವಿಡಿಯೊ ಆವೃತ್ತಿಗಳ ಗುಣಮಟ್ಟ

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ‘ಡಾಕ್ಟರ್ ಸ್ಟ್ರೇಂಜ್‌ಲವ್’ 1964ರ ಜನವರಿ 29ರಂದು ತೆರೆಕಂಡ ಕಪ್ಪು-ಬಿಳುಪು ಚಿತ್ರ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ತಣ್ಣಗಾಗಿ ಆಗಿನ್ನೂ ಹದಿನೈದು ತಿಂಗಳಾಗಿತ್ತು. ಪೀಟರ್ ಜಾರ್ಜ್ 1958ರಲ್ಲಿ ಪ್ರಕಟಿಸಿದ ‘ರೆಡ್ ಅಲರ್ಟ್’ ಎಂಬ ಗಂಭೀರ ಕಾದಂಬರಿಯನ್ನು ಕುಬ್ರಿಕ್, ಜಾರ್ಜ್ ಮತ್ತು ಟೆರಿ ಸದರ್ನ್ ಸೇರಿ ವಿಡಂಬನೆಯ ಚಿತ್ರಕಥೆಯಾಗಿ ಮಾರ್ಪಡಿಸಿದರು. ಮತಿಗೆಟ್ಟ ವಾಯುಪಡೆಯ ಜನರಲ್ ಒಬ್ಬ ತನ್ನ ನೆಲೆಯಿಂದಲೇ ಸೋವಿಯತ್ ಒಕ್ಕೂಟದ ಮೇಲೆ ಅಣುದಾಳಿಗೆ ಆದೇಶ ಕೊಡುತ್ತಾನೆ. ಹೊರಟುಹೋದ ವಿಮಾನಗಳನ್ನು ವಾಪಸು ಕರೆಸಲು ಅಧ್ಯಕ್ಷರೂ ಸೇನಾಧಿಕಾರಿಗಳೂ ವಾರ್ ರೂಮಿನಲ್ಲಿ ಕೂತು ಹೆಣಗುತ್ತಾರೆ. ಒಂದು ವಿಮಾನ ಮಾತ್ರ ಕೈತಪ್ಪಿ ಬಾಂಬು ಹಾಕಿಯೇಬಿಡುತ್ತದೆ. ಅಧ್ಯಕ್ಷ ಮಫ್ಲಿ, ಬ್ರಿಟಿಷ್ ಅಧಿಕಾರಿ ಮ್ಯಾಂಡ್ರೇಕ್, ಗಾಲಿಕುರ್ಚಿಯ ವಿಜ್ಞಾನಿ ಸ್ಟ್ರೇಂಜ್‌ಲವ್ ಈ ಮೂರೂ ಪಾತ್ರಗಳನ್ನು ಪೀಟರ್ ಸೆಲ್ಲರ್ಸ್ ಒಬ್ಬರೇ ಮಾಡಿದರು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿ 1989ರಲ್ಲಿ ಆರಂಭವಾದಾಗ ಮೊದಲ ವರ್ಷವೇ ಸೇರಿದ ಚಿತ್ರಗಳಲ್ಲಿ ಇದೂ ಒಂದು.

ಚಿತ್ರದ ರಾಜಕೀಯದ ಬಗ್ಗೆ ಬರೆದವರು ಬಹಳ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಇದನ್ನು ನೋಡಿದವರಲ್ಲಿ ಹೆಚ್ಚಿನವರು ಚಿತ್ರಮಂದಿರದಲ್ಲಿ ನೋಡಿದ್ದಲ್ಲ. ಕ್ಯಾಸೆಟ್ಟಿನಲ್ಲೋ ಡಿಸ್ಕಿನಲ್ಲೋ ನೋಡಿದ್ದು. ಆ ಆವೃತ್ತಿಗಳು ಒಂದರಂತೆ ಇನ್ನೊಂದಿಲ್ಲ. ಚೌಕಟ್ಟಿನ ಆಕಾರ, ಬೂದುಬಣ್ಣದ ಮೆಟ್ಟಿಲುಗಳು, ಧ್ವನಿ, ಓಡುವ ವೇಗ ಕೂಡ ಬೇರೆ ಬೇರೆ. ಈ ವ್ಯತ್ಯಾಸಗಳು ಸಂಗ್ರಾಹಕರ ಕುತೂಹಲಕ್ಕೆ ಬಿಟ್ಟ ವಿಷಯವೆಂದು ವಿಮರ್ಶೆ ಪಕ್ಕಕ್ಕಿಡುವುದುಂಟು. ಈ ಚಿತ್ರದ ಮಟ್ಟಿಗೆ ಆ ಧೋರಣೆ ಸರಿಯಲ್ಲ. ಇಲ್ಲಿ ವಿಡಂಬನೆಯ ದೊಡ್ಡ ಭಾಗ ಮಾತಿನಲ್ಲಿಲ್ಲ, ಓದಬೇಕಾದ ಸಣ್ಣ ಅಕ್ಷರಗಳಲ್ಲಿದೆ, ಹಿನ್ನೆಲೆಯಲ್ಲಿ ನಿಂತವರ ಮುಖಗಳಲ್ಲಿದೆ. ಚಿತ್ರ ಮಸುಕಾದರೆ ಅರ್ಥವೂ ಅಷ್ಟರಮಟ್ಟಿಗೆ ಕುಂದುತ್ತದೆ.

ವಾರ್ ರೂಮಿನಲ್ಲಿ ಜನರಲ್ ಟರ್ಜಿಡ್ಸನ್ (ಜಾರ್ಜ್ ಸಿ. ಸ್ಕಾಟ್) ಮುಂದೆ ಒಂದು ದಪ್ಪ ಕಡತವಿದೆ, ಆಗಾಗ ಅದನ್ನು ಎದೆಗವಚಿಕೊಳ್ಳುತ್ತಾನೆ. ಅದರ ರಟ್ಟಿನ ಮೇಲೆ ಜಗತ್ತಿನ ಗುರಿಗಳನ್ನು ‘ಮೆಗಾಡೆತ್’ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಸಾವು ಒಂದು ಮಾನವೆಂದು, ಪಟ್ಟಿ ಮಾಡಿದೆಯೆಂಬ ಶೀರ್ಷಿಕೆ. ಯಾವ ಪಾತ್ರವೂ ಅದರ ಬಗ್ಗೆ ಮಾತೆತ್ತುವುದಿಲ್ಲ. ದಾಳಿಗೆ ಹೊರಟ ಬಿ-52 ವಿಮಾನದಲ್ಲಿ ಅದರ ನಾಯಕ ಮೇಜರ್ ಕಾಂಗ್ ನೋಡುವ ಪತ್ರಿಕೆಯ ರೂಪದರ್ಶಿ ತನ್ನ ಮೈ ಮುಚ್ಚಿಕೊಂಡಿರುವುದು ‘ಫಾರಿನ್ ಅಫೇರ್ಸ್’ ಎಂಬ ವಿದೇಶಾಂಗ ನೀತಿಯ ನಿಯತಕಾಲಿಕದ ಸಂಚಿಕೆಯಿಂದ. ದಾಳಿಗೆ ಆದೇಶ ಕೊಟ್ಟ ಜನರಲ್‌ನ ಬರ್ಪೆಲ್ಸನ್ ನೆಲೆಯಲ್ಲಿ ಅಮೆರಿಕದ ಸೈನಿಕರು ಅಮೆರಿಕದ ಸೈನಿಕರ ಮೇಲೆಯೇ ಗುಂಡು ಹಾರಿಸುವಾಗ ಹಿಂದೆ ಕಾಣುವ ಫಲಕ ಶಾಂತಿಯೇ ತಮ್ಮ ವೃತ್ತಿಯೆಂದು ಸಾರುತ್ತದೆ. ಅಣುಬಾಂಬರುಗಳನ್ನು ಹಾರಿಸುತ್ತಿದ್ದ ಸ್ಟ್ರಾಟೆಜಿಕ್ ಏರ್ ಕಮಾಂಡಿನ ನಿಜವಾದ ಘೋಷವಾಕ್ಯವೇ ಅದು. ಕೊನೆಯ ಭಾಗದಲ್ಲಿ ಸ್ಟ್ರೇಂಜ್‌ಲವ್‌ನ ಬಲಗೈ ಅವನ ಹತೋಟಿ ಮೀರಿ ನಾಜಿ ವಂದನೆಗೆ ಏಳುವಾಗ ಅವನ ಹಿಂದೆ ನಿಂತ ಸೋವಿಯತ್ ರಾಯಭಾರಿಯ ಪಾತ್ರಧಾರಿ ಪೀಟರ್ ಬುಲ್ ನಗು ತಡೆಯಲಾರದೆ ಒದ್ದಾಡುವುದನ್ನು ಒಳ್ಳೆಯ ಮುದ್ರಣದಲ್ಲಿ ಸ್ಪಷ್ಟವಾಗಿ ಕಾಣಬಹುದು. ವಿಎಚ್‌ಎಸ್ ಟೇಪಿನಲ್ಲಿ ಈ ಬಗೆಯ ವಿವರಗಳಲ್ಲಿ ಎಷ್ಟೋ ಕರಗಿಹೋಗುತ್ತಿದ್ದವು. ಅಡ್ಡಸಾಲಿನಲ್ಲಿ ಸುಮಾರು 240 ರೇಖೆಗಳಷ್ಟು ಸೂಕ್ಷ್ಮತೆಯೇ ಅದರ ಮಿತಿ. ರಟ್ಟಿನ ಮೇಲಿನ ಅಕ್ಷರ ಅಲ್ಲಿ ಬಿಳಿಯ ಗೆರೆಯಾಗಿ ಉಳಿಯುತ್ತಿತ್ತು.

ಗುಣಮಟ್ಟದ ಸಮಸ್ಯೆ ಟೇಪಿನಿಂದ ಶುರುವಾದದ್ದಲ್ಲ, ಬೇರು ಇನ್ನೂ ಆಳದಲ್ಲಿದೆ. ಚಿತ್ರದ ಮೂಲ ಕ್ಯಾಮೆರಾ ನೆಗೆಟಿವ್ ಉಳಿದಿಲ್ಲ. ಸ್ಟುಡಿಯೊ ಚಿತ್ರದ ನೆಗೆಟಿವನ್ನೂ ಧ್ವನಿಯ ಮೂಲ ಮ್ಯಾಗ್ನೆಟಿಕ್ ಪಟ್ಟಿಯನ್ನೂ ಕಳೆದುಕೊಂಡಿತು, ಉಳಿದಿದ್ದವು ಹರಿದು ಹಾಳಾದ ನಕಲುಗಳು ಎಂದು ಕುಬ್ರಿಕ್ 1987ರ ಸಂದರ್ಶನವೊಂದರಲ್ಲಿ ಹೇಳಿದ್ದರು. ನೆಗೆಟಿವ್‌ನಿಂದ ಪಾಸಿಟಿವ್, ಅದರಿಂದ ಮತ್ತೆ ನೆಗೆಟಿವ್ ಹೀಗೆ ಪ್ರತಿ ತಲೆಮಾರಿನ ನಕಲಿಗೂ ಫಿಲ್ಮಿನ ಕಣಗಳು ಒರಟಾಗುತ್ತವೆ, ನಡುವಣ ಬೂದುಬಣ್ಣಗಳು ಕಪ್ಪಿಗೋ ಬಿಳಿಗೋ ಸರಿದುಬಿಡುತ್ತವೆ. ಮುಂದೆ ಸೋನಿ ಸಂಸ್ಥೆಯಲ್ಲಿ ಗ್ರೋವರ್ ಕ್ರಿಸ್ಪ್ ಅವರ ಉಸ್ತುವಾರಿಯಲ್ಲಿ ನಡೆದ ಪುನರುಜ್ಜೀವನ ಬೇರೆ ಬೇರೆ ಮೂಲಗಳಿಂದ ಸಿಕ್ಕ ಉತ್ತಮ ಭಾಗಗಳನ್ನು ಆಯ್ದು 4ಕೆ ಸೂಕ್ಷ್ಮತೆಯಲ್ಲಿ ಸ್ಕ್ಯಾನ್ ಮಾಡಿ ಜೋಡಿಸಿದ ಕೆಲಸ. ಆದ್ದರಿಂದ ಇತ್ತೀಚಿನ ಅತ್ಯುತ್ತಮ ಡಿಸ್ಕಿನಲ್ಲೂ ಒಂದು ಶಾಟಿನಿಂದ ಇನ್ನೊಂದಕ್ಕೆ ಹೊಳಪು, ಕಣ, ಅಂಚಿನ ಹರಿತ ಬದಲಾಗುತ್ತವೆ. ಅದನ್ನು ಡಿಸ್ಕಿನ ದೋಷವೆಂದು ಎಣಿಸುವುದು ಅನ್ಯಾಯ.

ಚೌಕಟ್ಟಿನ ಅನುಪಾತದ ಪ್ರಶ್ನೆ ಹೆಚ್ಚು ಜಟಿಲ. ಅಗಲವನ್ನು ಎತ್ತರದಿಂದ ಭಾಗಿಸಿದ ಲೆಕ್ಕವಿದು. 1992ರಲ್ಲಿ ಕ್ರೈಟೀರಿಯನ್ ಸಂಸ್ಥೆ ಹೊರತಂದ ಲೇಸರ್‌ಡಿಸ್ಕಿನಲ್ಲಿಯೂ ಮೊದಮೊದಲ ಡಿವಿಡಿಗಳಲ್ಲಿಯೂ ಚಿತ್ರ 1.33 ಮತ್ತು 1.66ರ ನಡುವೆ ಬದಲಾಗುತ್ತ ಹೋಗುತ್ತಿತ್ತು. ಕೆಲವು ಶಾಟುಗಳನ್ನು ಕ್ಯಾಮೆರಾದಲ್ಲೇ ಮೇಲೆ-ಕೆಳಗೆ ಮರೆಮಾಡಿ ತೆಗೆದದ್ದು, ಉಳಿದವನ್ನು ಫಿಲ್ಮಿನ ಪೂರ್ತಿ ಎತ್ತರಕ್ಕೆ ತೆಗೆದದ್ದು ಇದಕ್ಕೆ ಕಾರಣ. ಈ ಮಿಶ್ರ ರೂಪಕ್ಕೆ ಕುಬ್ರಿಕ್ ಒಪ್ಪಿಗೆಯಿತ್ತು. ಅವರು 1999ರ ಮಾರ್ಚಿನಲ್ಲಿ ತೀರಿಕೊಂಡರು. 2004ರಲ್ಲಿ ಬಂದ ನಲವತ್ತನೆಯ ವರ್ಷದ ಡಿವಿಡಿ ಇಡೀ ಚಿತ್ರವನ್ನು 1.66ಕ್ಕೆ ಸ್ಥಿರಗೊಳಿಸಿತು, 2009ರ ಸೋನಿ ಬ್ಲೂ-ರೇ, 2016ರ ಕ್ರೈಟೀರಿಯನ್ ಬ್ಲೂ-ರೇ ಮತ್ತು 2020ರ 4ಕೆ ಡಿಸ್ಕುಗಳು ಅದನ್ನೇ ಅನುಸರಿಸಿದವು.

ಎರಡರಲ್ಲಿ ಯಾವುದು ಅಧಿಕೃತ? ನಿರ್ದೇಶಕರ ಒಪ್ಪಿಗೆಯನ್ನೇ ಮಾನದಂಡವಾಗಿಟ್ಟರೆ ಮಿಶ್ರ ರೂಪದ ಕಡೆ ತಕ್ಕಡಿ ವಾಲುತ್ತದೆ. ಆದರೆ ಆ ಒಪ್ಪಿಗೆ ಹಳೆಯ ಚೌಕಾಕಾರದ ಟಿವಿ ಪರದೆಗಾಗಿ ಕೊಟ್ಟದ್ದು. ಅಗಲದ ಚಿತ್ರವನ್ನು ಆ ಪರದೆಯಲ್ಲಿ ಕಪ್ಪು ಪಟ್ಟಿಗಳ ನಡುವೆ ಕೂರಿಸಿದರೆ ಡಿವಿಡಿಯ 480 ಸಾಲುಗಳಲ್ಲಿ ಚಿತ್ರಕ್ಕೆ ಉಳಿಯುತ್ತಿದ್ದವು ಸುಮಾರು 385 ಮಾತ್ರ. ಪೂರ್ತಿ ಎತ್ತರ ಬಳಸಿಕೊಳ್ಳುವುದು ಅಂದು ವಿವೇಕದ ದಾರಿಯೇ ಆಗಿತ್ತು. ಇಂದಿನ ಅಗಲ ಪರದೆಯಲ್ಲಿ ಆ ನಿರ್ಬಂಧವಿಲ್ಲ: 1,080 ಸಾಲುಗಳ ಬ್ಲೂ-ರೇಯಲ್ಲಿ 1.66ರ ಚಿತ್ರ ಪೂರ್ತಿ ಎತ್ತರವನ್ನು ತುಂಬಿ, ಎಡಬಲಗಳಲ್ಲಿ ತೆಳುವಾದ ಕಪ್ಪು ಅಂಚುಗಳನ್ನಷ್ಟೇ ಬಿಡುತ್ತದೆ. ಚಿತ್ರಮಂದಿರದ ಅನುಭವಕ್ಕೆ 1.66 ಹತ್ತಿರವೆಂಬುದರಲ್ಲಿ ಅನುಮಾನವಿಲ್ಲ. ಹಾಗಿದ್ದೂ ಮಿಶ್ರ ರೂಪವನ್ನು ಕೈಬಿಟ್ಟದ್ದು ನಷ್ಟವೇ. ಕೆನ್ ಆಡಮ್ ವಿನ್ಯಾಸಗೊಳಿಸಿದ ವಾರ್ ರೂಮಿನ ದಿಗಿಲು ಇರುವುದು ಮನುಷ್ಯರ ತಲೆಯ ಮೇಲೆ ಕವಿದ ಕತ್ತಲೆಯಲ್ಲಿ. ಚೌಕಟ್ಟಿನ ಎತ್ತರ ಕುಗ್ಗಿದ ಶಾಟುಗಳಲ್ಲಿ ಆ ಕತ್ತಲೆಯೂ ಒಂದಿಷ್ಟು ಕುಗ್ಗುತ್ತದೆ.

ಆ ಸೆಟ್ಟು ಪುನರುಜ್ಜೀವನಕ್ಕೆ ನಿಜವಾದ ಪರೀಕ್ಷೆ. ದೊಡ್ಡ ದುಂಡು ಮೇಜಿನ ಮೇಲೆ ತೂಗುಬಿಟ್ಟ ದೀಪಗಳ ಬಳೆಯಿಂದಲೇ ಮುಖಗಳಿಗೆ ಬೆಳಕು. ಕೆಳಗೆ ಕನ್ನಡಿಯಂತೆ ಹೊಳೆಯುವ ಕಪ್ಪು ನೆಲ, ಹಿಂದೆ ಭಾರೀ ಭೂಪಟಗಳು. ಬಳೆಯ ಬಿಳುಪು ಉರಿದುಹೋಗಬಾರದು, ನೆಲದ ಕಪ್ಪು ಕೆಸರಾಗಬಾರದು, ನಡುವೆ ಮುಖಗಳ ಬೂದುಬಣ್ಣ ಜೀವಂತವಾಗಿರಬೇಕು. ಹಳೆಯ ಆವೃತ್ತಿಗಳು ಇವುಗಳಲ್ಲಿ ಒಂದನ್ನಾದರೂ ಬಲಿಕೊಡುತ್ತಿದ್ದವು. ಬೆಳಕಿನ ವ್ಯಾಪ್ತಿ ಹೆಚ್ಚಿಸಿದ 4ಕೆ ಡಿಸ್ಕು ಮೂರನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಅದರ ದೊಡ್ಡ ಸಾಧನೆ. ಸಾಲುಗಳ ಸಂಖ್ಯೆ ಹೆಚ್ಚಿದ್ದಕ್ಕಿಂತ ಇದೇ ಮುಖ್ಯ.

ಛಾಯಾಗ್ರಾಹಕ ಗಿಲ್ಬರ್ಟ್ ಟೇಲರ್ ವಾರ್ ರೂಮಿಗೆ ಕೊಟ್ಟ ನುಣುಪು ಬರ್ಪೆಲ್ಸನ್ ನೆಲೆಯ ಕಾಳಗಕ್ಕಿಲ್ಲ. ಅಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗುತ್ತದೆ, ಚಿತ್ರ ಯುದ್ಧದ ಸುದ್ದಿಚಿತ್ರದಂತೆ ಒರಟಾಗಿದೆ. ಹುಚ್ಚು ನಿರ್ಧಾರಗಳು ನಯವಾದ ಕೋಣೆಯಲ್ಲಿ, ಸಾವು ಒರಟು ಬಯಲಿನಲ್ಲಿ ಎಂಬ ಈ ಭೇದ ಚಿತ್ರದ ರಾಜಕೀಯ ವಾದದ ಭಾಗವೇ ಆಗಿದೆ. ಡಿಜಿಟಲ್ ತಂತ್ರದಿಂದ ಕಣಗಳನ್ನೆಲ್ಲ ತೊಳೆದುಹಾಕಿದರೆ ಎರಡೂ ಲೋಕಗಳು ಒಂದೇ ತೆರನಾಗುತ್ತವೆ. ಕ್ರೈಟೀರಿಯನ್ ಮತ್ತು 4ಕೆ ಆವೃತ್ತಿಗಳು ಕಣವನ್ನು ಉಳಿಸಿಕೊಂಡಿವೆ. ಫಿಲ್ಮಿನ ಕಣ ಕಂಡೊಡನೆ ಚಿತ್ರ ಕೆಟ್ಟಿದೆ ಎಂದು ದೂರುವ ಅಭ್ಯಾಸವನ್ನು ಈ ಚಿತ್ರದ ವಿಷಯದಲ್ಲಂತೂ ಬಿಡಬೇಕು.

ವೇಗದ ವಿಚಾರ ಭಾರತದ ವೀಕ್ಷಕರಿಗೆ ನೇರವಾಗಿ ಸಂಬಂಧಿಸಿದ್ದು. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಭಾರತವೂ ಯುರೋಪಿನ ಹಲವು ದೇಶಗಳೂ ಬಳಸಿದ ಪಾಲ್ ಟಿವಿ ಪದ್ಧತಿಯಲ್ಲಿ ಅದನ್ನು 25ಕ್ಕೆ ಏರಿಸಿ ಟೇಪಿಗೋ ಡಿವಿಡಿಗೋ ಇಳಿಸುವುದು ವಾಡಿಕೆಯಾಗಿತ್ತು. ಆಗ 95 ನಿಮಿಷದ ಚಿತ್ರ 91 ನಿಮಿಷಕ್ಕೇ ಮುಗಿಯುತ್ತದೆ. ಸರಿಪಡಿಸದಿದ್ದರೆ ದನಿಯ ಶ್ರುತಿಯೂ ಶೇಕಡಾ 4ರಷ್ಟು ಏರುತ್ತದೆ. ಅಧ್ಯಕ್ಷ ಮಫ್ಲಿ ಕುಡಿದ ಸೋವಿಯತ್ ಪ್ರಧಾನಿಗೆ ಫೋನಿನಲ್ಲಿ ದಾಳಿಯ ಸುದ್ದಿ ತಿಳಿಸುವ ದೃಶ್ಯದಲ್ಲಿ ಆಚೆಯ ದನಿ ಕೇಳಿಸುವುದೇ ಇಲ್ಲ. ಹಾಸ್ಯವೆಲ್ಲ ಸೆಲ್ಲರ್ಸ್ ತಡೆದು ನಿಲ್ಲುವ ಮೌನಗಳ ಉದ್ದದಲ್ಲಿದೆ. ಆ ಮೌನಗಳಿಂದ ಇಪ್ಪತ್ತೈದನೆಯ ಒಂದು ಪಾಲು ಕತ್ತರಿಸಿಹೋದರೂ ನಟನ ಲಯ ಬದಲಾಗುತ್ತದೆ. ಮೂರು ಪಾತ್ರಗಳಿಗೆ ಮೂರು ದನಿ ಕಟ್ಟಿದ ನಟನ ವಿಷಯದಲ್ಲಿ ಶ್ರುತಿಯ ಏರಿಕೆಯೂ ಸಣ್ಣ ಸಂಗತಿಯಲ್ಲ. ಬ್ಲೂ-ರೇ 24 ಚೌಕಟ್ಟಿನ ವೇಗವನ್ನೇ ಉಳಿಸಿಕೊಂಡದ್ದರಿಂದ ಈ ತೊಂದರೆ ತಪ್ಪಿತು.

ಧ್ವನಿ ಮೂಲದಲ್ಲಿ ಮಾನೊ. ಅದನ್ನು ಐದು ಸ್ಪೀಕರುಗಳಿಗೆ ಹರಡಿದ 5.1 ರೂಪ ಹಲವು ಡಿಸ್ಕುಗಳಲ್ಲಿದೆ. ಬಿ-52ರ ಮೊರೆತ ಅದರಲ್ಲಿ ವಿಸ್ತಾರವಾಗಿ ಕೇಳಿದರೂ ಸಂಭಾಷಣೆಗೆ ಮಾನೊದ ಗಟ್ಟಿತನವಿಲ್ಲ. 2016ರ ಕ್ರೈಟೀರಿಯನ್ ಡಿಸ್ಕು ಮಾನೊವನ್ನು ಸಂಕುಚಿಸದೆ ಕೊಟ್ಟಿದೆ. ಸ್ಪಷ್ಟ ಧ್ವನಿ, ಸ್ಪಷ್ಟ ಚಿತ್ರ ಎರಡೂ ಇದ್ದಲ್ಲಿ ಇತಿಹಾಸದ ಒಂದು ಗಾಯದ ಗುರುತೂ ಕಾಣಿಸುತ್ತದೆ. ಮೇಜರ್ ಕಾಂಗ್ (ಸ್ಲಿಮ್ ಪಿಕೆನ್ಸ್) ತುರ್ತುಪೆಟ್ಟಿಗೆಯ ಸಾಮಾನುಗಳನ್ನು ಓದಿ ಹೇಳಿ, ಇದರಲ್ಲಿ ವೇಗಸ್‌ನಲ್ಲಿ ಮಜವಾಗಿ ವಾರಾಂತ್ಯ ಕಳೆಯಬಹುದೆನ್ನುತ್ತಾನೆ. ಮೊದಲು ಅಲ್ಲಿದ್ದ ಊರು ಡಲ್ಲಾಸ್. 1963ರ ನವೆಂಬರ್ 22ರಂದು ಅದೇ ಊರಿನಲ್ಲಿ ಕೆನೆಡಿಯವರ ಹತ್ಯೆಯಾದ ಮೇಲೆ ಚಿತ್ರದ ಬಿಡುಗಡೆ ಮುಂದಕ್ಕೆ ಹೋಯಿತು, ಆ ಪದದ ಮೇಲೆ ಬೇರೆ ಪದವನ್ನು ಡಬ್ ಮಾಡಲಾಯಿತು. ಪಿಕೆನ್ಸ್ ತುಟಿಗಳು ಮಾತ್ರ ಹಳೆಯ ಪದವನ್ನೇ ಆಡುತ್ತವೆ.

ಪೂರಕ ಸಾಮಗ್ರಿಯಲ್ಲಿ 2004ರ ಆವೃತ್ತಿಯಲ್ಲಿರುವ ರಾಬರ್ಟ್ ಮೆಕ್‌ನಮಾರಾ ಸಂದರ್ಶನಕ್ಕೆ ವಿಶೇಷ ಬೆಲೆಯಿದೆ. ಚಿತ್ರ ತಯಾರಾದ ವರ್ಷಗಳಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದವರು ಅವರೇ. 2020ರ 4ಕೆ ಡಿಸ್ಕು ಮೊದಲು ಬಂದದ್ದು ‘ಕೊಲಂಬಿಯಾ ಕ್ಲಾಸಿಕ್ಸ್’ ಮಾಲೆಯ ಮೊದಲ ಪೆಟ್ಟಿಗೆಯಲ್ಲಿ, ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ಯೂ ಸೇರಿ ಇತರ ಐದು ಚಿತ್ರಗಳ ಜೊತೆಗೆ.

ಅಧ್ಯಯನಕಾರರು ಈ ಚಿತ್ರದ ಶಾಟುಗಳ ಸಂಯೋಜನೆಯನ್ನು ಚರ್ಚಿಸುವಾಗ ಯಾವ ಆವೃತ್ತಿಯನ್ನು ನೋಡಿದರೆಂದು ನಮೂದಿಸುವುದು ಅಗತ್ಯ. 1992ರ ಡಿಸ್ಕು ನೋಡಿ ಬರೆದ ವಿವರಣೆ 2016ರ ಡಿಸ್ಕಿಗೆ ಎಷ್ಟೋ ಕಡೆ ಹೊಂದುವುದಿಲ್ಲ. ಕುಬ್ರಿಕ್ ಒಪ್ಪಿದ ಮಿಶ್ರ ರೂಪವನ್ನು ನೋಡಬೇಕೆಂದರೆ ಇಂದಿಗೂ ಆ ಲೇಸರ್‌ಡಿಸ್ಕನ್ನೋ ಹಳೆಯ ಡಿವಿಡಿಯನ್ನೋ ಹುಡುಕಬೇಕು, ಮತ್ತು ಲೇಸರ್‌ಡಿಸ್ಕ್ ಪ್ಲೇಯರುಗಳ ತಯಾರಿಕೆಯನ್ನು ಪಯೊನೀರ್ ಕಂಪನಿ 2009ರಲ್ಲೇ ನಿಲ್ಲಿಸಿದೆ. ಪುನರುಜ್ಜೀವನದ ಸ್ಕ್ಯಾನುಗಳನ್ನು ಬಳಸಿ ಆ ರೂಪವನ್ನೂ ಪರ್ಯಾಯ ಆವೃತ್ತಿಯಾಗಿ ಒಂದೇ ಡಿಸ್ಕಿನಲ್ಲಿ ಕೊಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ.